ತೂಕವೊಂದನ್ನೇ ನೋಡಿ ಟೀ-ಶರ್ಟ್ ಕೊಳ್ಳಬೇಡಿ

ಪ್ರಶ್ನೆ: ಆನ್‌ಲೈನ್‌ನಲ್ಲಿ 240 ಜಿಎಸ್‌ಎಂ ಕಾಟನ್ ಟೀ-ಶರ್ಟ್ ತರಿಸಿದೆ. ಎರಡು ಸಲ ಒಗೆಯುವಷ್ಟರಲ್ಲಿ ಗಿಡ್ಡವಾಯಿತು, ಪಕ್ಕದ ಹೊಲಿಗೆ ಹೊಟ್ಟೆಯ ಕಡೆ ತಿರುಗಿತು. ಮುಂದಿನ ಸಲ ಏನು ನೋಡಿ ಕೊಳ್ಳಲಿ?

ಉತ್ತರ: ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಅಷ್ಟೇ. ಮಾಮೂಲಿ ಟೀ-ಶರ್ಟ್ 160–180ರ ಆಸುಪಾಸಿನಲ್ಲಿರುತ್ತದೆ. 220 ದಾಟಿದರೆ ದಪ್ಪ ಎನ್ನುತ್ತಾರೆ. ಆದರೆ ಕಳಪೆ ನೂಲಿನ ಬಟ್ಟೆಯೂ 240 ತೂಗಬಹುದು. ಲೇಬಲ್ಲಿನಲ್ಲಿ ‘ಕೋಂಬ್ಡ್ ಕಾಟನ್’ ಎಂದಿದೆಯೇ ನೋಡಿ. ಅದು ಗಿಡ್ಡ ಎಳೆಗಳನ್ನು ಬಾಚಿ ತೆಗೆದ ನೂಲು. ಬೇಗ ಜುಂಗು ಏಳುವುದಿಲ್ಲ.

ಹೊಲಿಗೆ ತಿರುಗಿದ್ದು ಸಾಮಾನ್ಯವಾಗಿ ಹೊಲಿದವರ ತಪ್ಪಲ್ಲ. ನೂಲಿನಲ್ಲಿ ಉಳಿದ ಹುರಿ, ನೀರು ತಗುಲಿದಾಗ ಬಟ್ಟೆಯನ್ನೇ ತಿರುಚುತ್ತದೆ. ಇಸ್ತ್ರಿ ಹಾಕಿದರೂ ಮುಂದಿನ ಒಗೆತಕ್ಕೆ ಅದೇ ಕಥೆ.

ಕೊರಳಪಟ್ಟಿಯನ್ನು ಎಳೆದು ಬಿಡಿ, ತಕ್ಷಣ ಮೊದಲಿನಂತಾಗಬೇಕು. ಒಳಗಡೆ ಭುಜದಿಂದ ಭುಜಕ್ಕೆ ಪಟ್ಟಿ ಕೊಟ್ಟು ಹೊಲಿದಿದ್ದರೆ ಒಳ್ಳೆಯದು.

ಅಳತೆಗೆ ಎಂ, ಎಲ್ ಅಕ್ಷರಗಳನ್ನು ನಂಬಬೇಡಿ. ನಿಮಗೆ ಸರಿಹೋಗುವ ಹಳೆಯ ಟೀ-ಶರ್ಟನ್ನು ಹರಡಿ, ಕಂಕುಳಿಂದ ಕಂಕುಳಿಗೆ, ಭುಜದಿಂದ ಕೆಳಗಿನ ಅಂಚಿಗೆ ಟೇಪು ಹಿಡಿದು ಸೈಜ್ ಚಾರ್ಟಿನೊಂದಿಗೆ ತಾಳೆ ನೋಡಿ. ಶೇ 5ರಷ್ಟು ಕುಗ್ಗಿದರೂ 28 ಇಂಚಿನ ಉದ್ದದಲ್ಲಿ ಹತ್ತಿರಹತ್ತಿರ ಒಂದೂವರೆ ಇಂಚು ಹೋಗುತ್ತದೆ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಕೂರಬೇಕು. ಓವರ್‌ಸೈಜ್ಡ್ ಆದರೆ ಮಾತ್ರ ಇಳಿದಿರಲಿ.