ಒಂದೇ ಮೇನ್‌ಫ್ರೇಮಿನ ನೂರಾರು ಬಾಡಿಗೆದಾರರು

ಲಿನಕ್ಸ್ ಸರ್ವರ್ ನಿಧಾನವಾಗಿದೆ ಎಂದು ಫೋನ್ ಬಂದರೆ ನಮ್ಮಂಥವರಿಗೆ ಮೊದಲು ಹೊಳೆಯುವುದು ಮೆಮೊರಿ. ನಾಲ್ಕು ಜಿಬಿ ಇದ್ದದ್ದನ್ನು ಎಂಟು ಮಾಡು, ಎಂಟಿದ್ದರೆ ಹದಿನಾರು ಮಾಡು, ಟಿಕೆಟ್ ಮುಚ್ಚು. ಮೇನ್‌ಫ್ರೇಮ್ ಮೇಲೆ ಓಡುವ ಲಿನಕ್ಸ್‌ಗೂ ಹೀಗೇ ಮಾಡಿದರೆ ಆ ಒಂದು ಸರ್ವರ್ ಸುಧಾರಿಸಿದಂತೆ ಕಾಣುತ್ತದೆ, ಅದರ ಅಕ್ಕಪಕ್ಕದವು ಸೊರಗುತ್ತವೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಈ ಕೆಲಸದಲ್ಲಿ ಕಲಿತದ್ದಕ್ಕಿಂತ ಮರೆಯಬೇಕಾಗಿ ಬಂದದ್ದೇ ಹೆಚ್ಚು.

ನಾನು ಬಂದದ್ದು ಇಂಟೆಲ್ ಸರ್ವರ್‌ಗಳ ಕಡೆಯಿಂದ. ಸೇರಿಕೊಂಡ ತಂಡ ಬೆಂಗಳೂರಿನಲ್ಲಿ ಕೂತು ಅಮೆರಿಕದ ಪೂರ್ವ ಕರಾವಳಿಯ ಒಂದು ವಿಮಾ ಕಂಪನಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿತ್ತು. ನಮ್ಮಲ್ಲಿ ಯಾರೂ ಆ ಮೇನ್‌ಫ್ರೇಮನ್ನು ಕಣ್ಣಾರೆ ಕಂಡವರಲ್ಲ. ಅದರ ಮೇಲೆ ಝೆಡ್/ವಿಎಂ ಎಂಬ ಹೈಪರ್‌ವೈಸರ್, ಅದರೊಳಗೆ ನೂರಾರು ಲಿನಕ್ಸ್ ಗೆಸ್ಟ್‌ಗಳು, ಅಂದರೆ ವರ್ಚುವಲ್ ಯಂತ್ರಗಳು. ವರ್ಚುವಲ್ ಯಂತ್ರ ಎಂದರೆ ವಿಎಂವೇರ್ ಜೊತೆ ಹುಟ್ಟಿದ್ದು ಎಂದುಕೊಂಡಿದ್ದ ನನಗೆ ಐಬಿಎಂ ಝೆಡ್/ವಿಎಂನ ಮೂಲವಾದ ವಿಎಂ/370 ಅನ್ನು ಪ್ರಕಟಿಸಿದ್ದು 1972ರ ಆಗಸ್ಟ್‌ನಲ್ಲಿ, ಅದಕ್ಕೂ ಮುಂಚೆ ಅರವತ್ತರ ದಶಕದಲ್ಲೇ ಸಿಪಿ-40, ಸಿಪಿ-67 ಎಂಬ ಅದರ ಪೂರ್ವಜರು ಇದ್ದರು ಎಂದು ತಿಳಿದಾಗ ಸ್ವಲ್ಪ ಮುಜುಗರವೇ ಆಯಿತು. ಲಿನಕ್ಸ್ ಅಲ್ಲಿಗೆ ಬಂದದ್ದು ತಡವಾಗಿ. ಜರ್ಮನಿಯ ಬೋಬ್ಲಿಂಗೆನ್ ಪ್ರಯೋಗಾಲಯದ ಎಂಜಿನಿಯರ್‌ಗಳು ಮಾಡಿದ ತಿದ್ದುಪಡಿಗಳನ್ನು ಐಬಿಎಂ ಹೊರಬಿಟ್ಟದ್ದು 1999ರ ಡಿಸೆಂಬರ್‌ನಲ್ಲಿ. ಸ್ವಲ್ಪ ದಿನಕ್ಕೇ ಡೇವಿಡ್ ಬಾಯ್ಸ್ ಎಂಬವರು ಒಂದೇ ಮೇನ್‌ಫ್ರೇಮಿನಲ್ಲಿ 41,400 ಲಿನಕ್ಸ್‌ಗಳನ್ನು ಒಟ್ಟಿಗೆ ಎಬ್ಬಿಸಿ ತೋರಿಸಿದರು. ಅವು ಎದ್ದು ಸುಮ್ಮನೆ ಕೂತಿದ್ದವು ಅಷ್ಟೆ, ದೊಡ್ಡ ಕೆಲಸವೇನೂ ಮಾಡುತ್ತಿರಲಿಲ್ಲ. ಮಾರಾಟದವರು ಮಾತ್ರ ಆ ಅಂಕಿಯನ್ನು ವರ್ಷಗಟ್ಟಲೆ ಬಿಡಲಿಲ್ಲ.

ಕಂಪನಿಗಳು ಇದಕ್ಕೆ ಮನಸೋತದ್ದು ಲೈಸೆನ್ಸ್ ಲೆಕ್ಕದಿಂದ. ಲಿನಕ್ಸ್‌ಗೆಂದೇ ಮೀಸಲಾದ ಐಎಫ್ಎಲ್ ಎಂಬ ಪ್ರೊಸೆಸರ್ ಹಾಕಿಸಿಕೊಂಡರೆ ಮೇನ್‌ಫ್ರೇಮಿನ ಸ್ವಂತ ಆಪರೇಟಿಂಗ್ ಸಿಸ್ಟಮ್ ಆದ ಝೆಡ್/ಓಎಸ್ ಕಡೆಯ ಸಾಫ್ಟ್‌ವೇರ್ ಬಿಲ್ ಏರುವುದಿಲ್ಲ. ಕೋರ್ ಲೆಕ್ಕದಲ್ಲಿ ದುಡ್ಡು ಕೇಳುವ ಡೇಟಾಬೇಸ್‌ಗಳನ್ನು ಹತ್ತಾರು ಪೆಟ್ಟಿಗೆಗಳಿಂದ ನಾಲ್ಕಾರು ಐಎಫ್ಎಲ್‌ಗಳ ಮೇಲೆ ತಂದು ಕೂರಿಸಿದರೆ ಉಳಿತಾಯ. ಅಂದರೆ ಹಂಚಿಕೊಂಡು ಬದುಕಿದರಷ್ಟೇ ಈ ಯಂತ್ರ ತನ್ನ ಬೆಲೆಯನ್ನು ವಾಪಸು ಕೊಡುತ್ತದೆ. ಆದರೆ ಹಂಚಿಕೊಳ್ಳುವುದನ್ನು ಲಿನಕ್ಸ್‌ಗೆ ಯಾರೂ ಕಲಿಸಿಲ್ಲ.

ಲಿನಕ್ಸ್ ಕರ್ನಲ್ ತನಗೆ ಸಿಕ್ಕ ಮೆಮೊರಿಯಲ್ಲಿ ಒಂದಿಷ್ಟೂ ಖಾಲಿ ಬಿಡುವುದಿಲ್ಲ. ಪ್ರೋಗ್ರಾಂಗಳಿಗೆ ಬೇಕಾದದ್ದು ಹೋಗಿ ಉಳಿದದ್ದರಲ್ಲಿ ಓದಿದ ಫೈಲುಗಳನ್ನು ತುಂಬಿಟ್ಟುಕೊಳ್ಳುತ್ತದೆ, ಮತ್ತೆ ಬೇಕಾದರೆ ಇರಲಿ ಎಂದು. ಸ್ವಂತ ಪೆಟ್ಟಿಗೆಯಲ್ಲಿ ಇದು ಜಾಣತನ. ಹಳೆಯ ಬೆಂಗಳೂರಿನ ವಠಾರದಲ್ಲಿ ಹನ್ನೆರಡು ಮನೆಗೆ ಒಂದೇ ನಲ್ಲಿ ಇದ್ದಾಗ ಪ್ರತಿ ಮನೆಯವರೂ ಇರುವ ಡ್ರಮ್ಮು, ಕೊಡ, ಚೊಂಬು ಎಲ್ಲವನ್ನೂ ತುಂಬಿಟ್ಟರೆ ಏನಾಗುತ್ತಿತ್ತೋ ಮೇನ್‌ಫ್ರೇಮಿನೊಳಗೆ ಆಗುವುದೂ ಅದೇ. ಝೆಡ್/ವಿಎಂ ಗೆಸ್ಟ್‌ಗಳಿಗೆಲ್ಲ ಸೇರಿ ನಿಜವಾಗಿ ಇರುವುದಕ್ಕಿಂತ ಹೆಚ್ಚು ಮೆಮೊರಿಯ ಮಾತು ಕೊಟ್ಟಿರುತ್ತದೆ. ಎಲ್ಲರೂ ಒಮ್ಮೆಗೇ ಕೇಳುವುದಿಲ್ಲ ಎಂಬ ನಂಬಿಕೆ ಅದರದ್ದು. ಪ್ರತಿ ಗೆಸ್ಟೂ ಕೊಟ್ಟ ಎಂಟು ಜಿಬಿಯನ್ನು ಮೂಲೆ ಮೂಲೆ ಮುಟ್ಟಿಬಿಟ್ಟರೆ ಝೆಡ್/ವಿಎಂ ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತಾ, ಮತ್ತೆ ಎಳೆದು ತರುತ್ತಾ ಕೂರುತ್ತದೆ. ಪೇಜ್ ಜಾಗವೂ ತುಂಬಿದರೆ ಪಿಜಿಟಿ004 ಎಂಬ ಅಬೆಂಡ್, ಅಂದರೆ ಇಡೀ ಝೆಡ್/ವಿಎಂ ನೆಲಕ್ಕೆ, ಜೊತೆಗೆ ಗೆಸ್ಟ್‌ಗಳೆಲ್ಲ.

ಝೆಡ್/ವಿಎಂ ಬದಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು, ಕೋಬಾಲ್ ಕಾಲದಿಂದ ಬಂದವರು. ಗೆಸ್ಟ್ ದೊಡ್ಡದು ಮಾಡಿ ಎಂದು ಕೇಳಲು ಹೋದಾಗೆಲ್ಲ ಅವರದ್ದು ಒಂದೇ ಉತ್ತರ: “ನೋಡಮ್ಮ, ನಿನ್ನ ಗೆಸ್ಟ್ ಎಷ್ಟು ಕೇಳ್ತಿದೆ ಅಂತ ನಂಗೆ ಬೇಡ. ನಿನ್ನೆ ಎಷ್ಟು ಮುಟ್ಟಿದೆ, ಅದನ್ನ ಹೇಳು.”

“ಸರ್, ಅಪ್ಲಿಕೇಶನ್ ಟೀಮ್‌ನೋರು ಹದಿನಾರು ಜಿಬಿ ಬೇಕೇ ಬೇಕು ಅಂತಿದಾರೆ.”

“ಆರು ಕೊಡು. ಅಳ್ತಾರೆ. ಏಳು ಕೊಡು, ಸುಮ್ಮನಾಗ್ತಾರೆ.”

ಒರಟಾಗಿ ಕೇಳಿದರೂ ಅದರ ಹಿಂದೆ ಒಂದು ಕ್ರಮ ಇತ್ತು. ಗೆಸ್ಟಿನ ಮೆಮೊರಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಬೇಕು, ಕೆಲಸದ ಹೊತ್ತಿನಲ್ಲಿ ಅದು ಸ್ವಾಪ್ ಜಾಗವನ್ನು ಆಗೊಮ್ಮೆ ಈಗೊಮ್ಮೆ ಮುಟ್ಟಲು ಶುರು ಮಾಡುವವರೆಗೆ. ಇಂಟೆಲ್ ಕಡೆ ಸ್ವಾಪ್ ಕಂಡರೆ ನಾವು ಗಾಬರಿಯಾಗುತ್ತೇವೆ. ಇಲ್ಲಿ ಗೆಸ್ಟಿನ ಅಳತೆ ಸರಿಯಾಗಿದೆ ಎಂಬುದಕ್ಕೆ ಅದೇ ಗುರುತು. ಆ ಸ್ವಾಪ್ ಕೂಡ ಡಿಸ್ಕಿನ ಮೇಲಲ್ಲ, ವಿಡಿಸ್ಕ್ ಎಂಬ, ಝೆಡ್/ವಿಎಂ ಮೆಮೊರಿಯಲ್ಲೇ ಕಟ್ಟಿಕೊಡುವ ನಕಲಿ ಡಿಸ್ಕಿನ ಮೇಲೆ. ಮೆಮೊರಿ ಉಳಿಸಲು ಮೆಮೊರಿಯಲ್ಲೇ ಸ್ವಾಪ್ ಏಕೆ ಎಂದು ಹೊಸಬರೆಲ್ಲ ಕೇಳುತ್ತಾರೆ. ವಿಡಿಸ್ಕನ್ನು ಎಷ್ಟು ದೊಡ್ಡದಾಗಿ ಘೋಷಿಸಿದರೂ ಗೆಸ್ಟ್ ಅದರ ಮೇಲೆ ಬರೆಯುವ ತನಕ ನಿಜವಾದ ಮೆಮೊರಿ ಖರ್ಚಾಗುವುದಿಲ್ಲ. ಹಾಗಾಗಿ ಒಂದು ಚಿಕ್ಕದು, ಒಂದು ದೊಡ್ಡದು ಎಂದು ಎರಡು ವಿಡಿಸ್ಕ್ ಇಟ್ಟು ಚಿಕ್ಕದಕ್ಕೆ ಹೆಚ್ಚಿನ ಆದ್ಯತೆ ಕೊಡುತ್ತೇವೆ. ದಿನನಿತ್ಯದ ಏರುಪೇರೆಲ್ಲ ಚಿಕ್ಕದರಲ್ಲೇ ಮುಗಿಯುತ್ತದೆ. ದೊಡ್ಡದನ್ನು ಮುಟ್ಟಿತೆಂದರೆ ಆಗ ಫೋನ್ ಎತ್ತಬೇಕು.

ಸಿಪಿಯು ವಿಷಯವೂ ಇದೇ ಜಾತಿಯದು, ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕು ಐಎಫ್ಎಲ್ ಇರುವ ಕಡೆ ಒಂದು ಗೆಸ್ಟಿಗೆ ಎಂಟು ವರ್ಚುವಲ್ ಸಿಪಿಯು ಬೇಕೆಂದು ಅರ್ಜಿ ಬರುತ್ತದೆ. ಕೊಟ್ಟರೆ ಅದು ವೇಗವಾಗುವುದಿಲ್ಲ. ತನ್ನದೇ ಸಿಪಿಯುಗಳು ಒಂದರ ಬೀಗಕ್ಕಾಗಿ ಇನ್ನೊಂದು ಕಾಯುವುದರಲ್ಲಿ ಹೊತ್ತು ಕಳೆಯುತ್ತದೆ. ಗೆಸ್ಟಿನೊಳಗಿನ ಟಾಪ್ ತೋರಿಸುವ ಅಂಕಿಗಳಲ್ಲಿ ಕೊನೆಗಿರುವ ‘ಎಸ್‌ಟಿ’ ಎಂಬ ಕಾಲಂ ಅನ್ನು ನಾನು ಮೊದಲೆಲ್ಲ ನೋಡುತ್ತಲೇ ಇರಲಿಲ್ಲ. ಗೆಸ್ಟ್ ಓಡಲು ಸಿದ್ಧವಿದ್ದರೂ ಹೈಪರ್‌ವೈಸರ್ ಬೇರೆಯವರಿಗೆ ಕೊಟ್ಟ ಸಮಯ ಅದು. ಲಿನಕ್ಸ್ 2.6.11ಕ್ಕೆ ಮುಂಚೆ ಆ ಲೆಕ್ಕವೇ ಇರಲಿಲ್ಲವಾದ್ದರಿಂದ ಗೆಸ್ಟ್ ತನಗೆ ಸಿಗದ ಸಮಯವನ್ನೂ ತಾನೇ ಬಳಸಿದೆ ಎಂದು ಹೇಳಿಕೊಳ್ಳುತ್ತಿತ್ತು. ಈಗಲೂ ಜಗಳ ತೀರಿಸಬೇಕಾದರೆ ಝೆಡ್/ವಿಎಂ ಕಡೆಯ ಅಂಕಿಗಳನ್ನೇ ತೆಗೆಯುತ್ತೇವೆ.

ಇನ್ನು ನಾಲ್ಕು ಗಂಟೆ ಎರಡು ನಿಮಿಷದ ಕಥೆ. ಆಗಿನ ರೆಡ್ ಹ್ಯಾಟ್ ಆವೃತ್ತಿಗಳಲ್ಲಿ ದಿನದ ಕ್ರಾನ್ ಕೆಲಸಗಳು ಬೆಳಗಿನ 4:02ಕ್ಕೆ ಶುರುವಾಗುತ್ತಿದ್ದವು. ಲಾಗ್‌ಗಳನ್ನು ಸುತ್ತಿಡುವುದು, ಡಿಸ್ಕಿನಲ್ಲಿರುವ ಪ್ರತಿ ಫೈಲಿನ ಹೆಸರನ್ನು ಹುಡುಕಿ ಪಟ್ಟಿ ಮಾಡುವುದು ಇತ್ಯಾದಿ. ಒಂದು ಪೆಟ್ಟಿಗೆಯಲ್ಲಿ ಇದು ಯಾರಿಗೂ ಗೊತ್ತಾಗದ ಕೆಲಸ. ಆದರೆ ನಮ್ಮ ಗೆಸ್ಟ್‌ಗಳೆಲ್ಲ ಒಂದೇ ಮೂಲ ಪ್ರತಿಯಿಂದ ತೆಗೆದ ನಕಲುಗಳು. ಎಲ್ಲವೂ ಒಂದೇ ನಿಮಿಷಕ್ಕೆ ಎದ್ದು ಒಂದೇ ಡಿಸ್ಕ್ ಸರಣಿಯ ಮೇಲೆ ಬೀಳುತ್ತಿದ್ದವು. ರಾತ್ರಿಯಿಡೀ ಸುಮ್ಮನಿದ್ದು ಪುಟಗಳನ್ನೆಲ್ಲ ಬಿಟ್ಟುಕೊಟ್ಟಿದ್ದ ಗೆಸ್ಟ್‌ಗಳೂ ಒಮ್ಮೆಗೇ ಅವನ್ನು ವಾಪಸು ಕೇಳುತ್ತಿದ್ದವು. ಅಲ್ಲಿನ ಬೇಸಿಗೆಯ 4:02 ಎಂದರೆ ಇಲ್ಲಿ ಮಧ್ಯಾಹ್ನ 1:32. ನಾವು ಸರಿಯಾಗಿ ಊಟಕ್ಕೆ ಕೂತಿರುವ ಹೊತ್ತು. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ ಅದು 2:32 ಆಗಿ ಊಟವಾದರೂ ನೆಮ್ಮದಿಯಾಗಿ ಮುಗಿಯುತ್ತಿತ್ತು. ಮಧ್ಯಾಹ್ನದ ಅಲಾರಂಗಳಿಗೆ ವೈರಸ್ ಸ್ಕ್ಯಾನ್, ಬ್ಯಾಕಪ್, ನೆಟ್‌ವರ್ಕ್ ಎಂದು ಕಾರಣ ಹುಡುಕಿದ್ದೇ ಹುಡುಕಿದ್ದು. ಯಾವುದೇ ಒಂದು ಗೆಸ್ಟಿನೊಳಗೆ ಹೋಗಿ ನೋಡಿದರೆ ತಪ್ಪೇನೂ ಕಾಣುತ್ತಿರಲಿಲ್ಲ, ಪ್ರತಿಯೊಂದೂ ಒಳ್ಳೆಯ ನಾಗರಿಕನೇ. ಗೆಸ್ಟ್ ಹೆಸರಿನ ಮೇಲೆ ಒಂದು ಲೆಕ್ಕ ಹಾಕಿ ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಹಂಚಿ, ಫೈಲ್ ಪಟ್ಟಿ ಮಾಡುವ ಕೆಲಸವನ್ನೇ ಪೂರ್ತಿ ತೆಗೆದುಹಾಕಿದ ಮೇಲೆ ಆ ಏರು ಕರಗಿತು. ಆ ಪಟ್ಟಿಯನ್ನು ಯಾರೂ ಬಳಸುತ್ತಿರಲಿಲ್ಲ ಎಂಬುದು ತೆಗೆದ ಮೇಲೆ ಗೊತ್ತಾಯಿತು. ಒಂದು ದೂರೂ ಬರಲಿಲ್ಲ.

ನಕಲುಗಳ ಇನ್ನೊಂದು ತೊಂದರೆ, ಎಸ್‌ಎಸ್‌ಎಚ್ ಕೀಲಿ. ಮೂಲ ಪ್ರತಿಯಲ್ಲಿ ಕೀಲಿ ಉಳಿದಿದ್ದರೆ ನೂರು ಸರ್ವರ್‌ಗಳಿಗೂ ಒಂದೇ ಗುರುತು. ನಕಲು ತೆಗೆಯುವ ಮುಂಚೆ ಅಳಿಸಿಡಬೇಕು, ಮೊದಲ ಸಲ ಎದ್ದಾಗ ಪ್ರತಿ ಗೆಸ್ಟೂ ಹೊಸದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಡಿಸ್ಕುಗಳ ಲೋಕ ಇನ್ನೂ ವಿಚಿತ್ರ. ಗಿಗಾಬೈಟ್‌ನಲ್ಲಿ ಯಾರೂ ಮಾತಾಡುವುದಿಲ್ಲ, ಸಿಲಿಂಡರ್‌ಗಳಲ್ಲಿ ಮಾತಾಡುತ್ತಾರೆ. 3390 ಮಾಡೆಲ್ 3 ಎಂದರೆ 3,339 ಸಿಲಿಂಡರ್, ಲಿನಕ್ಸ್‌ಗೆ ಬೇಕಾದಂತೆ ಫಾರ್ಮ್ಯಾಟ್ ಮಾಡಿದರೆ ಎರಡೂವರೆ ಜಿಬಿಗೂ ಸ್ವಲ್ಪ ಕಡಿಮೆ. ಆ ತಿರುಗುವ 3390 ಡಿಸ್ಕ್‌ಗಳು ಈಗ ಎಲ್ಲೂ ಇಲ್ಲ, ಒಳಗಿರುವುದು ಸಾಮಾನ್ಯ ಸ್ಟೋರೇಜ್, ಅದು ಹಳೆಯ ಡಿಸ್ಕಿನ ವೇಷ ಹಾಕಿಕೊಂಡಿರುತ್ತದೆ. ಒಂದು ದೊಡ್ಡ ಡಿಸ್ಕನ್ನು ಇಷ್ಟರಿಂದ ಇಷ್ಟನೆಯ ಸಿಲಿಂಡರ್ ಇವನಿಗೆ, ಮುಂದಿನದು ಅವನಿಗೆ ಎಂದು ಝೆಡ್/ವಿಎಂನ ಯೂಸರ್ ಡೈರೆಕ್ಟರಿಯಲ್ಲಿ ಬರೆದು ಹಂಚುತ್ತಾರೆ. ಕೈಯಿಂದ ಬರೆಯುವಾಗ ಒಂದು ಅಂಕಿ ಜಾರಿದರೆ ಇಬ್ಬರ ಜಾಗ ಒಂದರ ಮೇಲೊಂದು ಬಿದ್ದು, ಬಹಳ ದಿನ ಎಲ್ಲ ಸರಿಯಾಗಿಯೇ ಇದ್ದು, ಇಬ್ಬರ ಡೇಟಾವೂ ಅಷ್ಟು ಅಂಚಿನವರೆಗೆ ಬೆಳೆದ ದಿನ ಎರಡೂ ಹಾಳಾಗುತ್ತವೆ. ಡಿಸ್ಕ್‌ಮ್ಯಾಪ್ ಎಂಬ ಕಮಾಂಡ್ ಈ ಒತ್ತುವರಿಯನ್ನು ಒಂದು ನಿಮಿಷದಲ್ಲಿ ತೋರಿಸುತ್ತದೆ. ಡೈರೆಕ್ಟರಿ ಮುಟ್ಟಿದವರು ಅದನ್ನು ಓಡಿಸದೆ ಎದ್ದು ಹೋಗಬಾರದು ಎಂಬುದು ನಮ್ಮಲ್ಲಿ ನಿಯಮ. ಹಾಗೆಯೇ ಝಿಪಲ್, ಮೇನ್‌ಫ್ರೇಮ್ ಲಿನಕ್ಸಿನ ಬೂಟ್‌ಲೋಡರ್. ಇದರ ಬೂಟ್ ದಾಖಲೆ ಕರ್ನಲ್ ಡಿಸ್ಕಿನ ಯಾವ ಬ್ಲಾಕ್‌ನಲ್ಲಿದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ, ಫೈಲಿನ ಹೆಸರನ್ನಲ್ಲ. ಇನಿಟ್‌ರ್‍ಯಾಮ್ ಫೈಲನ್ನು ಕೈಯಾರೆ ಹೊಸದು ಮಾಡಿ ಝಿಪಲ್ ಓಡಿಸದಿದ್ದರೆ ಸರ್ವರ್ ನಗುನಗುತ್ತಾ ತಿಂಗಳುಗಟ್ಟಲೆ ಓಡುತ್ತದೆ. ರೀಬೂಟ್ ಆದ ರಾತ್ರಿ ಏಳುವುದಿಲ್ಲ, ಆ ರಾತ್ರಿಯ ಪಾಳಿಯವರಿಗೆ ಹಳೆಯ ಬದಲಾವಣೆಯ ಸುಳಿವೂ ಇರುವುದಿಲ್ಲ.

ಏಳದ ಗೆಸ್ಟನ್ನು ನೋಡಲು ಇರುವ ದಾರಿ 3270 ಕನ್ಸೋಲ್. ಎಸ್‌ಎಸ್‌ಎಚ್‌ನಲ್ಲಿ ಬೆಳೆದವರ ಬೆರಳುಗಳು ಇಲ್ಲಿ ಬರೀ ಎಡವುತ್ತವೆ. ಅದಕ್ಕೆ ಪ್ರತ್ಯೇಕ ಅಕ್ಷರಗಳು ತಿಳಿಯುವುದಿಲ್ಲ, ಎಂಟರ್ ಒತ್ತಿದಾಗ ಒಂದು ಸಾಲು ಹೋಗುತ್ತದೆ ಅಷ್ಟೆ. ವಿಐ ಎಡಿಟರ್ ತೆರೆಯಲಾಗದು. ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಅಕ್ಷರ ತಿದ್ದಬೇಕಾದರೂ ಸೆಡ್ ಅಥವಾ ಇಡಿ ಬರಬೇಕು. ಪರದೆ ತುಂಬಿದರೆ ಕೆಳಮೂಲೆಯಲ್ಲಿ ‘ಮೋರ್’ ಎಂದು ಬರುತ್ತದೆ, ಒತ್ತಬಾರದ್ದನ್ನು ಒತ್ತಿದರೆ ‘ಹೋಲ್ಡಿಂಗ್’ ಎಂದು ನಿಂತೇ ಬಿಡುತ್ತದೆ. ಎಲ್ಲಕ್ಕಿಂತ ಅಪಾಯದ್ದು ‘ಸಿಪಿ ರೀಡ್’. ಚೆನ್ನಾಗಿ ಓಡುತ್ತಿರುವ ಗೆಸ್ಟಿನ ಕನ್ಸೋಲಿಗೆ ಸುಮ್ಮನೆ ನೋಡಲೆಂದು ಲಾಗಿನ್ ಆದರೂ ಝೆಡ್/ವಿಎಂ ಆ ಗೆಸ್ಟನ್ನು ಅಲ್ಲೇ ನಿಲ್ಲಿಸಿ ನಿಮ್ಮ ಆಜ್ಞೆಗೆ ಕಾಯುತ್ತದೆ. ಬಿಗಿನ್ ಎಂದು ಹೇಳುವವರೆಗೆ ಡೇಟಾಬೇಸೂ ಇಲ್ಲ, ನೆಟ್‌ವರ್ಕೂ ಇಲ್ಲ. ಪ್ರತಿ ಗೆಸ್ಟಿನ ಪ್ರೊಫೈಲ್‌ನಲ್ಲಿ ‘ಸೆಟ್ ರನ್ ಆನ್’ ಎಂಬ ಸಾಲು ಇರಬೇಕು, ಆಗ ನೋಡುವವರು ನೋಡುತ್ತಿದ್ದರೂ ಅದು ಓಡುತ್ತಿರುತ್ತದೆ. ಹೊರಗೆ ಬರುವಾಗ ಡಿಸ್ಕನೆಕ್ಟ್ ಎನ್ನಬೇಕು. ಅಭ್ಯಾಸಬಲದಿಂದ ಲಾಗಾಫ್ ಎಂದರೆ ಸರ್ವರಿನ ಪವರ್ ಕಿತ್ತಂತೆಯೇ. ಕನ್ಸೋಲ್ ಹಕ್ಕನ್ನು ಹೊಸಬರಿಗೆ ಕೊಡುವ ಮುಂಚೆ ಒಂದು ಕೆಲಸಕ್ಕೆ ಬಾರದ ಗೆಸ್ಟಿನ ಮೇಲೆ ಈ ಎರಡನ್ನೂ ಮಾಡಿಸಿ ತೋರಿಸುತ್ತೇವೆ. ಬಾಯಲ್ಲಿ ಹೇಳಿದರೆ ಯಾರೂ ನೆನಪಿಡುವುದಿಲ್ಲ.

2011ರಲ್ಲಿ ಬಂದ ಝೆಡ್/ವಿಎಂ 6.2ರಿಂದ ಓಡುತ್ತಿರುವ ಗೆಸ್ಟನ್ನೇ ಒಂದು ಝೆಡ್/ವಿಎಂನಿಂದ ಇನ್ನೊಂದಕ್ಕೆ ಸಾಗಿಸಬಹುದು, ಆ ಆವೃತ್ತಿಯಲ್ಲಿ ನಾಲ್ಕು ಝೆಡ್/ವಿಎಂಗಳವರೆಗೆ ಒಂದು ಗುಂಪು. ಹೈಪರ್‌ವೈಸರ್‌ಗೆ ಹೊಸ ತೇಪೆ ಹಾಕಲು ಇಡೀ ಕಂಪನಿಯ ಒಪ್ಪಿಗೆ ಕೇಳುವ ಸಂಕಟ ಅದರಿಂದ ತಪ್ಪಿತು. ನಮ್ಮ ಕ್ರಮ ಹೀಗೆ: ಹಿಂದಿನ ದಿನವೇ ವಿಎಂರೀಲೊಕೇಟ್ ಕಮಾಂಡನ್ನು ಪರೀಕ್ಷೆಯ ರೂಪದಲ್ಲಿ ಪ್ರತಿ ಗೆಸ್ಟಿನ ಮೇಲೂ ಓಡಿಸುವುದು, ಅದು ಯಾರನ್ನು ಏಕೆ ಒಲ್ಲೆ ಎನ್ನುತ್ತದೆ ಎಂದು ಪಟ್ಟಿ ಮಾಡುವುದು. ನೆಟ್‌ವರ್ಕ್ ಕಾರ್ಡುಗಳು ಎರಡೂ ಕಡೆ ಸಮಾನ ಎಂದು ಗುರುತು ಹಾಕಿರುವುದಿಲ್ಲ, ಡೈರೆಕ್ಟರಿಯಲ್ಲಿ ಒಂದು ಆಪ್ಷನ್ ಬಿಟ್ಟುಹೋಗಿರುತ್ತದೆ, ಇಂಥವೇ ಹೆಚ್ಚು. ಅವನ್ನೆಲ್ಲ ಸರಿಪಡಿಸಿದ ಮೇಲೂ ಒಂದೆರಡು ಗೆಸ್ಟ್ ಜಾಗ ಬಿಟ್ಟು ಕದಲುವುದಿಲ್ಲ. ಸಾಗಿಸಬೇಕಾದರೆ ಗೆಸ್ಟ್ ಡಿಸ್ಕನೆಕ್ಟ್ ಆಗಿರಬೇಕು, ಅಂದರೆ ಕನ್ಸೋಲಿನಲ್ಲಿ ಯಾರೂ ಕೂತಿರಬಾರದು. ಆಗ ಅಮೆರಿಕದ ಕಚೇರಿಗೆ ಫೋನ್ ಮಾಡಿ, ಯಾರಾದರೂ 3270 ಕಿಟಕಿ ತೆರೆದಿಟ್ಟು ಮನೆಗೆ ಹೋಗಿದ್ದಾರಾ ನೋಡಿ ಎಂದು ಕೇಳಬೇಕಾಗುತ್ತದೆ.