ಮಹಾಮಾರಿ ಮತ್ತು ದಾಂಪತ್ಯ

ಕುಟುಂಬದ ಬಲಾಬಲಗಳು ಸುಖದ ದಿನಗಳಲ್ಲಿ ತಿಳಿಯುವುದಿಲ್ಲ, ಆಪತ್ಕಾಲದಲ್ಲಿ ತಿಳಿಯುತ್ತವೆ. ೨೦೨೦ರಲ್ಲಿ ಕೋವಿಡ್ ಮಹಾಮಾರಿಯು ಜಗತ್ತನ್ನೆಲ್ಲ ವ್ಯಾಪಿಸಿ ಜನರನ್ನು ಮನೆಯೊಳಗೆ ಕೂಡಿಹಾಕಿದಾಗ, ವಿವಾಹ ವಿಚ್ಛೇದನಗಳು ಎಲ್ಲೆಡೆ ಹೆಚ್ಚುವುವೆಂದು ಹಲವರು ಊಹಿಸಿದರು. ಆದರೆ ಅಂಕಿ-ಅಂಶಗಳು ಬೇರೆಯದನ್ನೇ ತೋರಿಸಿದವು.

ಅಮೆರಿಕದಲ್ಲಿ ೨೦೧೯ರಲ್ಲಿ ಸಾವಿರ ಜನಸಂಖ್ಯೆಗೆ ೨.೭ರಷ್ಟಿದ್ದ ವಿಚ್ಛೇದನದ ಪ್ರಮಾಣವು ೨೦೨೦ರಲ್ಲಿ ೨.೩ಕ್ಕೆ ಇಳಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ವಿಚ್ಛೇದನಗಳ ಸಂಖ್ಯೆಯು ೧,೦೮,೪೨೧ರಿಂದ ೧,೦೩,೫೯೨ಕ್ಕೆ ಇಳಿದರೆ, ಜಪಾನಿನಲ್ಲಿ ಸುಮಾರು ೨,೦೮,೦೦೦ದಿಂದ ೧,೯೩,೦೦೦ಕ್ಕೆ ಇಳಿಯಿತು.

ಹಾಗಾದರೆ ದಾಂಪತ್ಯಗಳು ಸುಖಮಯವಾದವೆಂದು ಅರ್ಥವೆ? ಹಾಗೆ ನಿರ್ಣಯಿಸುವುದು ಅವಸರವಾದೀತು. ಇಂಗ್ಲೆಂಡಿನಲ್ಲಿ ನ್ಯಾಯಾಲಯಗಳ ಕಾರ್ಯಕಲಾಪ ಕುಂಠಿತವಾಗಿತ್ತು. ೨೦೨೧ರಲ್ಲಿ ಸಂಖ್ಯೆಯು ೧,೧೩,೫೦೫ಕ್ಕೆ ಏರಿತು. ಜಪಾನಿನಲ್ಲಿಯಾದರೋ ಬಹುಪಾಲು ದಂಪತಿಗಳು ಪರಸ್ಪರ ಒಪ್ಪಿ, ಪೌರ ಕಚೇರಿಗೆ ಪತ್ರ ಸಲ್ಲಿಸಿ ಬೇರೆಯಾಗುತ್ತಾರೆ. ನ್ಯಾಯಾಲಯದ ಅಗತ್ಯವೇ ಇಲ್ಲ. ಆದರೂ ಇಳಿಕೆಯಾಯಿತು. ಅದೇ ವರ್ಷ ಅಲ್ಲಿ ವಿವಾಹಗಳೂ ಗಣನೀಯವಾಗಿ ಕಡಿಮೆಯಾದವು. ಅನಿಶ್ಚಿತ ಕಾಲದಲ್ಲಿ ಜನರು ಕೂಡುವುದನ್ನೂ ಅಗಲುವುದನ್ನೂ ಮುಂದೂಡಿದರೆಂದು ತೋರುತ್ತದೆ. ಚೀನಾದಲ್ಲಿ ೨೦೨೧ರ ಜನವರಿ ೧ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯು, ಒಪ್ಪಿಗೆಯ ವಿಚ್ಛೇದನಕ್ಕೂ ೩೦ ದಿನಗಳ ಪುನರಾಲೋಚನೆಯ ಅವಧಿಯನ್ನು ವಿಧಿಸಿತು. ಹೀಗೆ ವ್ಯಾಧಿಯು ಒಂದೇ ಆದರೂ, ಆಯಾ ದೇಶದ ಕಾನೂನು ಮತ್ತು ರೂಢಿಗಳು ಅಂಕಿಗಳಿಗೆ ಬೇರೆ ಬೇರೆ ಅರ್ಥವನ್ನು ಕೊಡುತ್ತವೆ.

ನಮ್ಮ ದೇಶದಲ್ಲಿ ಮನಸ್ತಾಪವು ನ್ಯಾಯಾಲಯದವರೆಗೆ ಹೋಗುವುದೇ ವಿರಳ. ಆದ್ದರಿಂದ ಮಹಾಮಾರಿಯ ಪರಿಣಾಮವನ್ನು ಇಲ್ಲಿ ವಿಚ್ಛೇದನದ ಲೆಕ್ಕದಲ್ಲಿ ಹುಡುಕಿದರೆ ಸಿಗಲಾರದು. ೨೦೨೦ರ ಮಾರ್ಚ್ ೨೫ರಿಂದ ದೇಶವ್ಯಾಪಿ ದಿಗ್ಬಂಧನ ಜಾರಿಯಾಗಿ, ಬಸ್ಸು ರೈಲುಗಳು ನಿಂತವು. ನೊಂದ ಹೆಣ್ಣುಮಗಳಿಗೆ ತವರಿನ ದಾರಿಯೂ ಮುಚ್ಚಿತು. ಆ ವರ್ಷ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು ಹಿಂದಿನ ವರ್ಷಕ್ಕಿಂತ ಹೆಚ್ಚಾದವು. ದೂರು ಕೊಡಲಾಗದೆ ಸಹಿಸಿದವರ ಲೆಕ್ಕವನ್ನು ಇಟ್ಟವರಾರು?

ಶಾಲೆಗಳೂ ಮುಚ್ಚಿದ್ದವೆಂಬುದನ್ನು ಶಿಕ್ಷಕರು ಮರೆಯಲಾಗದು. ಮಗುವಿನ ಬಾಡಿದ ಮುಖವನ್ನು ಕಂಡು ಮನೆಯ ಸ್ಥಿತಿಯನ್ನು ಊಹಿಸಬಲ್ಲ ಕಣ್ಣುಗಳು ಆಗ ದೂರವಾಗಿದ್ದವು. ಮುಂದೆ ಇಂಥ ಆಪತ್ತು ಒದಗಿದರೆ, ಪಾಠಗಳನ್ನು ತಲುಪಿಸುವಷ್ಟೇ ಶ್ರದ್ಧೆಯಿಂದ ಮಕ್ಕಳ ಮನೆಯ ಕ್ಷೇಮವನ್ನು ವಿಚಾರಿಸುವ ಏರ್ಪಾಡೂ ಶಾಲೆಯಲ್ಲಿರಬೇಕು. ಮನೆ ಒಡೆಯಲಿಲ್ಲವೆಂಬುದು ಸಮಾಧಾನವೇ. ಆದರೆ ಅದರೊಳಗೆ ನೆಮ್ಮದಿಯಿತ್ತೇ ಎಂದು ಕೇಳುವುದು ಸಮಾಜದ ಕರ್ತವ್ಯ.