ಕಲಾವಿದರು, ಶಿಕ್ಷಕರಿಗೆ ಸರ್ಕಾರದ ನೆರವು: ಪರೀಕ್ಷಾ ಟಿಪ್ಪಣಿ

ರಾಜ್ಯ ಮಟ್ಟ
• ಕನ್ನಡ ಮತ್ತು ಸಂಸ್ಕೃತಿ ಇಲಾಖೆ: ಸಂಕಷ್ಟದಲ್ಲಿರುವ ಹಿರಿಯ ಸಾಹಿತಿ, ಕಲಾವಿದರಿಗೆ ಮಾಸಾಶನ (ಸಾಮಾನ್ಯ ವಯೋಮಿತಿ 58), ಸಂಘ ಸಂಸ್ಥೆಗಳಿಗೆ ಧನಸಹಾಯ.
• ನಾಟಕ, ಜಾನಪದ, ಲಲಿತಕಲೆ, ಸಂಗೀತ ನೃತ್ಯ, ಶಿಲ್ಪಕಲೆಗೆ ಪ್ರತ್ಯೇಕ ಅಕಾಡೆಮಿಗಳಿವೆ.

ಕೇಂದ್ರ ಮಟ್ಟ
• ಸಂಗೀತ ನಾಟಕ ಅಕಾಡೆಮಿ (1953): ಇದರ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ 2006ರಿಂದ, 40 ವರ್ಷದೊಳಗಿನವರಿಗೆ.
• ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿಸಿಆರ್‌ಟಿ; 1979, ನವದೆಹಲಿ): ಶಿಕ್ಷಕರಿಗೆ ತರಬೇತಿ, 10–14 ವಯಸ್ಸಿನ ಪ್ರತಿಭಾವಂತ ಮಕ್ಕಳಿಗೆ ವಿದ್ಯಾರ್ಥಿವೇತನ. ತರಬೇತಿ ಪಡೆದ ಶಿಕ್ಷಕರು ಗೊಂಬೆಯಾಟ, ಕರಕುಶಲ ಕಲೆಗಳ ಮೂಲಕ ಪಾಠ ಹೇಳಬಲ್ಲರು.
• ವಲಯ ಸಾಂಸ್ಕೃತಿಕ ಕೇಂದ್ರಗಳು ಒಟ್ಟು 7. ಇವುಗಳ ಗುರು–ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರು, ಪಕ್ಕವಾದ್ಯದವರು, ಶಿಷ್ಯರು ಮೂವರಿಗೂ ಗೌರವಧನ ಸಿಗುತ್ತದೆ. ಅಳಿವಿನಂಚಿನ ಕಲೆಗೆ ಇದೇ ದೊಡ್ಡ ಆಸರೆ.

ಗಮನಿಸಿ: ತೊಗಲುಗೊಂಬೆಯಾಟದಂಥ ಕಲೆ ಉಳಿಯಲು ಪ್ರಶಸ್ತಿಯಷ್ಟೇ ಸಾಲದು; ಕಲಿಸುವವರ ಜೀವನಕ್ಕೂ ಭದ್ರತೆ ಬೇಕು. ವಿವರಣಾತ್ಮಕ ಉತ್ತರದಲ್ಲಿ ಈ ಅಂಶ ತಪ್ಪದೆ ಬರೆಯಿರಿ.

ಮಾದರಿ ಪ್ರಶ್ನೆ: ಕರ್ನಾಟಕ ಯಾವ ಎರಡು ವಲಯ ಕೇಂದ್ರಗಳ ಸದಸ್ಯ ರಾಜ್ಯ?
ಉತ್ತರ: ದಕ್ಷಿಣ ವಲಯ (ತಂಜಾವೂರು), ದಕ್ಷಿಣ ಮಧ್ಯ ವಲಯ (ನಾಗಪುರ).